ಕೆಂಪು ಚಿಂದಿಯ ನೀಲಿ ಕೊಡ

ಫೆಬ್ರವರಿ 30, 2194
ಉತ್ತರದ ಬಂದರು

ರಾಣೆಬೆನ್ನೂರಿನ ಸ್ಫೂರ್ತಿ ಬಣಕಾರ ಅಜ್ಜಿಗೆ, ನಿನ್ನ ಆರನೇ ತಲೆಮಾರಿನ ವಾರಿಜಾ ಬರೆಯುವುದು.

ತಾರೀಖು ನೋಡಿ ಹುಬ್ಬು ಏರಿಸಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದನ್ನು ವರ್ಷದ ಕೊನೆಗೆ ರಜೆ ಎಂದು ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಇದು ಹಿಂಟಪಾಲಿನಲ್ಲಿ ಬರುವ ಕಾಗದ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅನುಮತಿ. ನಿನಗೀಗ ಇಪ್ಪತ್ತಾರು, ನನಗೆ ಐವತ್ತೊಂಬತ್ತು. ಆದರೂ ನೀನೇ ಅಜ್ಜಿ, ನಾನೇ ಮೊಮ್ಮಗಳು. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಅಡುಗೆಮನೆಯಲ್ಲಿ ಬೈಯಲು, ಮುದ್ದು ಮಾಡಲು ಉಳಿಸಿಕೊಂಡ ಭಾಷೆ ಇದು. ಇವತ್ತು ಹೆಚ್ಚಾಗಿ ಬೈಯಲಿಕ್ಕೇ ಬಳಸುತ್ತೇನೆ.

ನಿನ್ನ ಮುಂದೆ ಈಗ ಎರಡು ಪೋಸ್ಟರ್ ಇವೆ. ಹೊರದೇಶದ ಆ ದೊಡ್ಡ ಪೋಸ್ಟರ್ ಸ್ಪರ್ಧೆಗೆ ಒಂದನ್ನು ಕಳಿಸಬೇಕು. ವಿಷಯ ನೀರು. ಮೊದಲನೆಯದರಲ್ಲಿ ಮನುಷ್ಯರೇ ಇಲ್ಲ. ನಿಮ್ಮ ಓಣಿಯ ನಳದ ಮುಂದೆ ಪ್ಲಾಸ್ಟಿಕ್ ಕೊಡಗಳು ಪಾಳಿ ಹಚ್ಚಿ ನಿಂತಿವೆ. ನೀರು ಬರುವ ತನಕ ಮನೆಯವರ ಬದಲು ಕೊಡವೇ ನಿಲ್ಲುವುದು ನಿಮ್ಮ ಪದ್ಧತಿ. ಯಾರ ಕೊಡ ಯಾವುದು ಎಂದು ತಿಳಿಯಲು ಅದರ ಕತ್ತಿಗೆ ಹಳೇ ಸೀರೆಯದೋ ಲುಂಗಿಯದೋ ಚಿಂದಿ ಕಟ್ಟುತ್ತೀರಿ. ಕೆಂಪು ಚಿಂದಿಯ ನೀಲಿ ಕೊಡ ನಿಮ್ಮ ಅವ್ವನದು. ಏನು ಚೆಂದ ಮಾಡಿದ್ದೀಯೇ ನನ್ನವ್ವ! ಆ ಚಿತ್ರದ ಒಂದು ಪ್ರತಿ ಕೈಯಿಂದ ಕೈಗೆ ದಾಟಿ ಈಗ ನನ್ನ ಒಲೆಯ ಹಿಂದಿನ ಗೋಡೆಯಲ್ಲಿದೆ.

ಎರಡನೆಯದು ಹಿತ್ತಾಳೆ ಕೊಡ ಸೊಂಟಕ್ಕಿಟ್ಟ ಕೆಂಪು ಸೀರೆಯ ಹೆಂಗಸು. ಅದನ್ನು ಮಾಡಿಸಿದವರು ಹೊರದೇಶದಲ್ಲಿ ನೆಲೆಸಿದ ನಮ್ಮವರೇ ಒಬ್ಬರು, ನೀನು ಗುರು ಎಂದು ನಂಬಿದ ಹಿರಿಯ ವಿನ್ಯಾಸಕರು. ಫೋನಿನಲ್ಲಿ ನಿನ್ನ ಕೊಡಗಳನ್ನು ನೋಡಿ, ಚೆನ್ನಾಗಿದೆ ಕಣಮ್ಮ, ಆದರೆ ಇದರಲ್ಲಿ ನಮ್ಮ ದೇಶ ಎಲ್ಲಿದೆ, ಎಂದರು. ಅಲ್ಲ, ನಿಮ್ಮ ಮನೆಯ ಹಿತ್ತಾಳೆ ಕೊಡ ನಿನ್ನ ಅಜ್ಜಿಯ ಕಾಲಕ್ಕೇ ಅಟ್ಟ ಸೇರಿತ್ತು. ನೀನು ಸೊಂಟದ ಮೇಲೆ ನೀರು ಹೊತ್ತವಳೇ? ಸ್ಕೂಟಿಯ ಮುಂದೆ ಇಟ್ಟುಕೊಂಡು ತಂದವಳು! ಆದರೂ ಬಿಡಿಸಿದೆ. ಹಿತ್ತಾಳೆ ಬೇಕು ಎಂದು ಅಲ್ಲಿನ ತೀರ್ಪುಗಾರರು ಕೇಳಿರಲಿಲ್ಲ, ಕೇಳಿದ್ದು ನಮ್ಮವರೇ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಮುಂದೆ ಆದದ್ದು ಕೇಳು. ಹಿತ್ತಾಳೆ ಕೊಡ ನಿನಗೆ ಚಿನ್ನದ ಪದಕ ತಂದಿತು. ಪದಕ ನಿನ್ನನ್ನು ಇಲ್ಲಿಗೆ ತಂದಿತು. ಇಲ್ಲೇ ಮದುವೆ, ಇಲ್ಲೇ ಮಕ್ಕಳು, ಕೊನೆಗೆ ನಾವು. ಊರಿನ ಹುಡುಗಿಯರು ಚಿತ್ರ ಕಳಿಸಿ, ಅಕ್ಕಾ ಹೇಗಿದೆ ನೋಡಿ, ಎಂದಾಗ ನೀನೂ ಅದೇ ಪ್ರಶ್ನೆ ಕೇಳಿದೆ. ಅವರು ದೊಡ್ಡವರಾಗಿ ಬೇರೆಯವರನ್ನು ಕೇಳಿದರು. ಕೇಳಿ ಕೇಳಿ ಅದು ಕಟ್ಟಳೆಯಾಯಿತು. ಈಗ ಪ್ರತಿ ದೇಶಕ್ಕೂ ಒಂದು ಚಹರೆಮನೆ ಇದೆ. ಸ್ಪರ್ಧೆಗೆ ಹೋಗುವ ಚಿತ್ರದಲ್ಲಿ ಆ ದೇಶದ ಮುಖ ಇದೆಯೋ ಇಲ್ಲವೋ ಎಂದು ನೋಡಿ ಬಿಡುವ ಕಚೇರಿ ಅದು. ನಮ್ಮ ಚಹರೆಮನೆಯ ಬಾಗಿಲ ಮೇಲೆ ನಿನ್ನ ಪೋಸ್ಟರಿನ ಹೆಂಗಸೇ ನಿಂತಿದ್ದಾಳೆ.

ಇಲ್ಲಿ ನೀರನ್ನು ತೂಗಿ ಕೊಡುತ್ತಾರೆ. ಕಡಲ ನೀರನ್ನು ಸಿಹಿ ಮಾಡುವ ಗೋಪುರದ ಕೆಳಗೆ ಕಾಯಬೇಕು. ಬೇರೆ ದೇಶದವರು ಚಳಿಯಲ್ಲಿ ನಡುಗುತ್ತ ತಾವೇ ನಿಲ್ಲುತ್ತಾರೆ. ನಮ್ಮವರು ಮಾತ್ರ ಡಬ್ಬಿಗೆ ಚಿಂದಿ ಕಟ್ಟಿ ಪಾಳಿಗಿಟ್ಟು ಮನೆಗೆ ಬಂದು ಚಹಾ ಕುಡಿಯುತ್ತಾರೆ. ಯಾಕೆ ಹೀಗೆ ಎಂದರೆ ನಮ್ಮ ಮನೆಯ ಆಚೆ ಯಾರಿಗೂ ಗೊತ್ತಿಲ್ಲ. ನನ್ನ ಮಗಳು ಇರಾವತಿ ಅದನ್ನೇ ಬಿಡಿಸಿದಳು: ಹಿಮದಲ್ಲಿ ನಿಂತ ಡಬ್ಬಿಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಚಿಂದಿ. ನೋಡಿ ನನಗೆ ಅಳು ಬಂತು. ಚಹರೆಮನೆಯಲ್ಲಿ ಚಿತ್ರ ಪರೀಕ್ಷಿಸುವ ಅಧಿಕಾರಿ ಉಪ್ಪಿನ ಸಾಹೇಬರೂ ನೋಡಿದರು. ಕೆಟ್ಟವರಲ್ಲ, ಯುಗಾದಿಗೆ ನಮ್ಮನೆಗೆ ಹೋಳಿಗೆ ಕಳಿಸುವವರು. ಚೆನ್ನಾಗಿದೆ ತಂಗೀ, ಆದರೆ ಇದರಲ್ಲಿ ನಮ್ಮ ದೇಶ ಎಲ್ಲಿದೆ, ಎಂದು ಪಕ್ಕಕ್ಕಿಟ್ಟರು.

ಇರಾವತಿ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಹಿತ್ತಾಳೆ ಕೊಡದ ಹೆಂಗಸನ್ನು ಬಿಡಿಸಲು ಕೂತಳು. ಕೊಡದ ಬಾಯಿ ಎಷ್ಟು ಅಗಲ ಇರ್ತದವ್ವ ಎಂದು ನನ್ನನ್ನೇ ಕೇಳಿದಳು. ನಾನೆಲ್ಲಿ ಕಂಡಿದ್ದೇನೆ ಹಿತ್ತಾಳೆ ಕೊಡ? ನಿನ್ನ ಪೋಸ್ಟರಿನಿಂದ ಅಳತೆ ತೆಗೆದುಕೊಂಡಳು. ಚಿನ್ನದ ಪದಕ ಬಂತು. ಬೀದಿಗೆಲ್ಲ ಸಿಹಿ ಹಂಚಿದರು, ನನ್ನ ಪಾಲಿನದನ್ನು ನಾನು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟೆ. ಅವಳು ಬಣ್ಣ, ಕುಂಚ ಎಲ್ಲ ಕಟ್ಟಿಟ್ಟಿದ್ದಾಳೆ. ಉಪ್ಪಿನ ಸಾಹೇಬರು ನಿವೃತ್ತರಾದರು. ನಾಳೆಯಿಂದ ಅವರ ಕುರ್ಚಿಯಲ್ಲಿ ಇವಳು.

ನೀನು ಸೋಲಬೇಕು ಎಂದು ಬರೆಯಲು ಕೂತಿದ್ದೆ. ಪ್ಲಾಸ್ಟಿಕ್ ಕೊಡಗಳನ್ನೇ ಕಳಿಸು, ಪದಕ ಹಾಳಾಗಿ ಹೋಗಲಿ, ಎಂದು. ಆದರೆ ಪದಕ ಇಲ್ಲದಿದ್ದರೆ ನೀನು ಇಲ್ಲಿಗೆ ಬರುವುದಿಲ್ಲ, ನನ್ನ ಇರಾವತಿ ಹುಟ್ಟುವುದಿಲ್ಲ. ಅಷ್ಟು ಸಿಟ್ಟು ನನಗಿಲ್ಲ. ಹೋಗಲಿ, ಹಿತ್ತಾಳೆಯನ್ನೇ ಕಳಿಸು, ಗೆಲ್ಲು, ಬಾ. ಆದರೆ ಮುಂದೆ ಯಾವುದೋ ಊರಿನ ಹುಡುಗಿ ತನ್ನ ಓಣಿಯನ್ನು ಬಿಡಿಸಿ ನಿನ್ನ ಮುಂದೆ ಹಿಡಿದಾಗ ಆ ಒಂದು ಪ್ರಶ್ನೆ ಕೇಳಬೇಡ. ಚೆನ್ನಾಗಿದೆ ಎಂದು ಹೇಳಿ ಬಾಯಿ ಮುಚ್ಚಿಕೋ.

ಇದನ್ನೇ ಇರಾವತಿಗೂ ಹೇಳಿ ನೋಡಿದೆ. ನಿನಗೇನು ಗೊತ್ತವ್ವ ಎಂದು ಎದ್ದುಹೋದಳು. ಚಹರೆಮನೆಯಲ್ಲಿ ಹೆಂಗಸರು ಕೆಂಪು ಸೀರೆಯೇ ಉಡಬೇಕಂತೆ, ಒಳಗೆ ಇಸ್ತ್ರಿ ಮಾಡುತ್ತಿದ್ದಾಳೆ. ಅವಳು ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ಇಷ್ಟು ದೂರ ಬಂದು ನಿನ್ನ ಕಾಲು ಹಿಡಿಯುತ್ತಿದ್ದೇನೆ, ಅಜ್ಜಿ.

ವಾರಿಜಾ