ಎರಡನೆಯ ವಿಮಾನದ ಗೆರೆ

ಜನವರಿ 6, ಸೋಮವಾರ. ಬೆಳಿಗ್ಗೆ 7.10

ವಿಮಾನಗಳಿಗೆ ಇಂಧನ ತುಂಬುವ ಟ್ಯಾಂಕರ್‌ಗಳ ಪಟ್ಟಿ ಮುಗಿಯಿತು. ಇಂದು ನಲವತ್ತೊಂದು ವಿಮಾನ, ಒಂಬತ್ತು ಟ್ಯಾಂಕರ್. ಮಸಿ ಕಡಿಮೆ ಕಾರುವ ಒಳ್ಳೆಯ ಇಂಧನ ಇರುವುದು ಹಸಿರು ಗಾಡಿಯಲ್ಲಿ ಮಾತ್ರ. ವಾರಕ್ಕೆ ಎರಡೇ ಲೋಡ್. ಅದನ್ನೇ ಎಲ್ಲ ವಿಮಾನಗಳಿಗೂ ಚೂರು ಚೂರು ಹಂಚುತ್ತಾರೆ. ಹಂಡೆ ನೀರಿಗೆ ಒಂದು ಚಮಚ ಸಕ್ಕರೆ ಕದಡಿದ ಹಾಗೆ.

ನನ್ನ ಯೋಜನೆ ಇಷ್ಟೇ. ಆಕಾಶದಲ್ಲಿ ಬಿಳಿ ಗೆರೆ ಎಳೆದು ಬಿಟ್ಟುಹೋಗುವ ವಿಮಾನಗಳು ಕೆಲವೇ — ತಣ್ಣನೆಯ ತೇವದ ಗಾಳಿಯಲ್ಲಿ ಹಾದುಹೋಗುವಂಥವು. ಹೊಗೆಯ ಮಸಿಗೆ ಹಿಮ ಕಟ್ಟಿಯೇ ಆ ಗೆರೆ. ಸಂಜೆಯ ಗೆರೆ ಇನ್ನೂ ಕೆಟ್ಟದ್ದು. ಹರಡಿಕೊಂಡು ನೆಲದ ಕಾವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಒಳ್ಳೆಯ ಇಂಧನ ಪೂರ್ತಿ ಅವುಗಳಿಗೇ ಹಾಕಿ, ಉಳಿದವಕ್ಕೆ ಮಾಮೂಲು ಸಾಕು.

ಎರಡು ವರ್ಷದ ಕೆಲಸ. ಅಕ್ಕನ ಊರು ಇಲ್ಲಿಂದ ಇನ್ನೂರು ಕಿಲೋಮೀಟರ್, ಸರಿಯಾಗಿ ವಿಮಾನದ ದಾರಿಯ ಕೆಳಗೆ. ದಿನಾ ಸಂಜೆ ಬಟ್ಟೆ ತೆಗೆಯಲು ಮಹಡಿ ಹತ್ತಿದಾಗ ಫೋಟೊ ಕಳಿಸುತ್ತಾಳೆ. ಏಳುನೂರು ದಾಟಿವೆ. ಇಂದು ವರದಿಯನ್ನು ಇಸ್ತ್ರಿಯ ಕೈಗೆ ಕೊಟ್ಟೆ. ಇಸ್ತ್ರಿ ಎಂದರೆ ನಮ್ಮ ವಿಭಾಗದ ಮುಖ್ಯಸ್ಥ. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಅದಕ್ಕೇ ಆ ಹೆಸರು.

ಜನವರಿ 14. ಮಧ್ಯಾಹ್ನ

ವರದಿ ಮೇಲೆ ಹೋಯಿತು. ರಟ್ಟಿನ ಮೇಲೆ ಇಸ್ತ್ರಿಯ ಹೆಸರು! ಮೂವತ್ತನಾಲ್ಕನೇ ಪುಟದ ಅಡಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ — ‘ಮಾಹಿತಿ ಸಂಗ್ರಹ: ಸಿಬ್ಬಂದಿ’.

ಕೋಣೆಗೇ ಹೋಗಿ ಕೇಳಿದೆ.

“ಸರ್, ಇದು ನಾನು ಮಾಡಿದ್ದು.”

“ಹೌದಮ್ಮ, ಅದಕ್ಕೇ ಸಿಬ್ಬಂದಿ ಅಂತ ಹಾಕಿದೀನಲ್ಲ. ಸಿಬ್ಬಂದಿ ಅಂದ್ರೆ ನೀವೇ ತಾನೆ?”

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು. ಊಟ ಸೇರಲಿಲ್ಲ. ಇವನನ್ನು ಸುಮ್ಮನೆ ಬಿಡುವುದಿಲ್ಲ.

ಜನವರಿ 20, ಸೋಮವಾರ

ಶುಕ್ರವಾರ ಪ್ರದರ್ಶನವಂತೆ. ನಿರ್ದೇಶಕರೆಲ್ಲ ಬರುತ್ತಾರೆ. ಸಂಜೆ ಐದಕ್ಕೆ ಹೊರಡುವುದು ಒಂದು ವಿಮಾನ, ಐದೂ ಇಪ್ಪತ್ತಕ್ಕೆ ಇನ್ನೊಂದು — ಅದೇ ದಾರಿ, ಅದೇ ಎತ್ತರ. ಮೊದಲನೆಯದಕ್ಕೆ ಹಸಿರು ಗಾಡಿ. ಇಸ್ತ್ರಿ ಅಕ್ಕನ ಊರಿನಲ್ಲಿ ಕ್ಯಾಮೆರಾ ಇಟ್ಟು ಗೆರೆಯಿಲ್ಲದ ಆಕಾಶವನ್ನು ಸಭಾಂಗಣದ ಪರದೆಯಲ್ಲಿ ತೋರಿಸುತ್ತಾನಂತೆ. “ಎರಡನೇದನ್ನೂ ತೋರಿಸಿದ್ರೆ ಹೋಲಿಸಿ ನೋಡಬಹುದು ಸರ್” ಎಂದೆ. “ಅಷ್ಟು ಹೊತ್ತು ಯಾರಮ್ಮ ಕೂರ್ತಾರೆ? ಟೀ ಆರಿಹೋಗುತ್ತೆ.”

ಟೀ!

ಸೋಮವಾರವಾದ್ದರಿಂದ ವಾಡಿಕೆಯಂತೆ ಮುನ್ನೂರು ಖಾಲಿ ಚೀಟಿಗಳಿಗೆ ಸಹಿ ಗೀಚಿ ನನ್ನ ಮೇಜಿನ ಮೇಲೆ ಎಸೆದ. ಯಾವ ಗಾಡಿ ಯಾವ ವಿಮಾನಕ್ಕೆ ಎಂದು ವಾರವಿಡೀ ತುಂಬಿಸುವವಳು ನಾನು. ಓದುವುದೂ ಇಲ್ಲ, ಎಣಿಸುವುದೂ ಇಲ್ಲ.

ಚೀಟಿ ನೋಡುತ್ತ ಕೂತೆ. ತುಂಬಾ ಹೊತ್ತು.

ಜನವರಿ 24, ಶುಕ್ರವಾರ. 3.40

ಮಾಡಿಬಿಟ್ಟೆ.

ಎರಡು ಇಂಧನವೂ ಎಂಜಿನ್‌ಗೆ ಒಗ್ಗುವವೇ, ಯಾರಿಗೂ ಅಪಾಯವಿಲ್ಲ. ಅಷ್ಟು ಪಾಪಿಯಲ್ಲ ನಾನು.

ಡ್ರೈವರಣ್ಣ ಚೀಟಿ ಹಿಡಿದು ಬಂದ. “ಮೇಡಂ, ಹಸಿರು ಗಾಡಿ ಐದು ಗಂಟೇದಕ್ಕಲ್ವಾ?”

“ಚೀಟೀಲಿ ಏನಿದೆ?”

“ಐದೂ ಇಪ್ಪತ್ತು ಅಂತಿದೆ.”

“ಸಹಿ ಯಾರದ್ದಣ್ಣ?”

“ಸಾಹೇಬ್ರದ್ದೇ.”

“ಮತ್ತೆ?”

ತಲೆ ಕೆರೆದುಕೊಂಡು ಹೋದ. ಮಾಡಿದ್ದುಣ್ಣೋ ಮಹರಾಯ.

6.15

ಪರದೆಯ ಮೇಲೆ ಸುಣ್ಣ ಬಳಿದಂಥ ಗೆರೆ. ಈ ಮೂಲೆಯಿಂದ ಆ ಮೂಲೆಗೆ. ಹಿರಿಯ ನಿರ್ದೇಶಕರು ಬಿಸ್ಕತ್ತು ಅದ್ದುತ್ತ ಕೇಳಿದರು, “ಇದೇನ್ರೀ, ಅಳಿಸೋ ಯೋಜನೇನೋ, ಬರೆಯೋ ಯೋಜನೇನೋ?” ಎಲ್ಲರೂ ನಕ್ಕರು. ಇಸ್ತ್ರಿಯ ಕುತ್ತಿಗೆಯ ಮೇಲೆ ಬೆವರು. ಕಾಲರ್ ಒದ್ದೆ. ಕಣ್ತುಂಬ ನೋಡಿದೆ.

ಆಮೇಲೆ ನನ್ನತ್ತ ತಿರುಗಿದ.

“ಈ ಲೆಕ್ಕ ನಂದಲ್ಲ ಸರ್. ಇವ್ರದ್ದು. ಎರಡು ವರ್ಷದಿಂದ ಇವ್ರೊಬ್ರೇ ಕೂತು ಮಾಡಿದ್ದು.” ನನ್ನ ಪೂರ್ತಿ ಹೆಸರು ಹೇಳಿದ. ಅಪ್ಪನ ಇನಿಷಿಯಲ್ ಸಮೇತ.

ನಾನು ಬೇಡಿದ್ದೂ ಅದನ್ನೇ ತಾನೆ…

ಎರಡನೆಯ ವಿಮಾನ ಅಕ್ಕನ ಊರು ಮುಟ್ಟುವ ಮೊದಲೇ, 5.40ಕ್ಕೆ, ಕ್ಯಾಮೆರಾ ಆರಿಸಿದರು. ಸೋಮವಾರ ಒಂಬತ್ತಕ್ಕೆ ಸಭೆ. ಯೋಜನೆ ಕೈಬಿಡುವ ಮಾತು ಆಗಲೇ ಶುರುವಾಗಿದೆ.

7.30

ಅಕ್ಕನ ಫೋನು. “ಏನೇ ಇದು? ಮೊದಲ್ನೇ ವಿಮಾನದ ಗೆರೆ ಇಷ್ಟು ದಪ್ಪ ಹಾಗೇ ಕೂತಿತ್ತು. ಎರಡನೇದು ನೂಲಿನೆಳೆ ಥರ ಬಂತು, ನಾನು ಎರಡು ಸೀರೆ ಮಡಚೋದ್ರೊಳಗೆ ಮಾಯ! ನಿನ್ ಲೆಕ್ಕ ಸರಿ ಕಣೇ! ಫೋಟೊ ನೋಡು.”

ನೋಡಿದೆ. ಒಂದೇ ಆಕಾಶ, ಇಪ್ಪತ್ತು ನಿಮಿಷದ ಅಂತರ. ಏಳುನೂರು ಫೋಟೊಗಳಲ್ಲಿ ಸಿಗದ ಸಾಕ್ಷಿ ಇವೆರಡರಲ್ಲಿ. ಗಾಡಿ ಬದಲಿಸಿದ್ದನ್ನು ಒಪ್ಪಿಕೊಂಡರಷ್ಟೇ ಅದು ಸಾಕ್ಷಿ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಅಂದಳು, “ತನ್ನ ಮೂಗು ಕೊಯ್ಕೊಂಡು ಎದುರಿನವನಿಗೆ ಅಪಶಕುನ ಮಾಡೋದು ಅಂದ್ರೆ ಇದೇ ಕಣೇ.”

ಜನವರಿ 26, ಭಾನುವಾರ

ಎರಡು ದಿನದಿಂದ ಅದೇ ಯೋಚನೆ. ಸುಮ್ಮನಿದ್ದರೆ ಯೋಜನೆ ಸಾಯುತ್ತದೆ, ನನ್ನ ಹೆಸರಿನಲ್ಲಿ. ಚೀಟಿ ಎತ್ತಿ ತೋರಿಸಿದರೆ ಇಸ್ತ್ರಿಯ ತಪ್ಪು ಎಂದಾಗುತ್ತದೆ. ಅವನು ಬೀಳುತ್ತಾನೆ, ನೆನೆದರೇ ಬಾಯಲ್ಲಿ ನೀರೂರುತ್ತದೆ. ಆದರೆ ವರದಿಯ ರಟ್ಟಿನ ಮೇಲೆ ಅವನ ಹೆಸರೇ ಉಳಿಯುತ್ತದೆ. ನಿಜ ಹೇಳಿದರೆ ಯೋಜನೆ ಉಳಿಯುತ್ತದೆ, ನನ್ನದಾಗಿಯೇ. ಕೆಲಸ ಹೋಗುತ್ತದೆ.

ಅಕ್ಕ ಮತ್ತೆ ಫೋನು ಮಾಡಿದಳು. “ಅವನು ಬೀಳ್ಬೇಕಾ, ನಿನ್ನ ಯೋಜನೆ ಉಳೀಬೇಕಾ? ಒಂದು ಹೇಳು.”

ಎರಡೂ ಬೇಕು. ಎರಡೂ ಬೇಕು ಅಂದರೆ ತಪ್ಪೇ?

ಜನವರಿ 27, ಸೋಮವಾರ. ಬೆಳಿಗ್ಗೆ 8.20

ಕಚೇರಿಗೆ ಬೇಗ ಬಂದೆ. ನಿರ್ದೇಶಕರಿಗೆ ಕೊಡುವ ಪತ್ರವನ್ನು ನಾಲ್ಕು ಸಲ ಹರಿದು ಐದನೆಯ ಸಲ ಬರೆದೆ. ಅಕ್ಕನ ಎರಡು ಫೋಟೊ, ಎರಡು ವಿಮಾನಗಳ ಚೀಟಿ ಲಗತ್ತು. ಕಳೆದ ವಾರದ ಖಾಲಿ ಚೀಟಿ ಹನ್ನೊಂದು ಉಳಿದಿವೆ, ಪ್ರತಿಯೊಂದರಲ್ಲೂ ಇಸ್ತ್ರಿಯ ಸಹಿ. ಅವನ್ನೂ ಪಿನ್ ಮಾಡಿದೆ. ಅಷ್ಟು ಸೇಡಾದರೂ ಬೇಡವೇ?

ಅಗೋ ಬಂದ. ಹೊಸ ಅಂಗಿ. ಸುಕ್ಕಿಲ್ಲ. “ಈ ವಾರದ ಚೀಟಿ ಎಲ್ಲಮ್ಮ, ಸಹಿ ಹಾಕ್ಬಿಡ್ತೀನಿ” ಎಂದು ಕೈ ಚಾಚಿದ. ಮುನ್ನೂರು ಖಾಲಿ ಚೀಟಿ ಕೊಟ್ಟೆ. ಎದುರಿನ ಮೇಜಿನಲ್ಲೇ ಕೂತು ಗೀಚುತ್ತಿದ್ದಾನೆ, ಓದದೆ.

ಪತ್ರದ ಕೊನೆಯ ಸಾಲು: ‘ಯೋಜನೆ ಮಾಡಿದವಳೂ ನಾನೇ, ಗಾಡಿ ಬದಲಿಸಿದವಳೂ ನಾನೇ. ಎರಡಕ್ಕೂ ಸೇರಿ ಈ ಒಂದೇ ಸಹಿ.’

ಅವನದು ಇನ್ನೂ ಮುಗಿದಿಲ್ಲ. ನನ್ನದು ಒಂದೇ. ಓದಿ, ಪೂರ್ತಿ ಓದಿ, ಕೆಳಗೆ ನನ್ನ—