ಗೋಡೆ ಬಿಟ್ಟು ನಿಂತ ತೂಕ

ಹೊಲಿಗೆ ಕೋಣೆಯಿಂದ,
ಜೂನ್ ೧೨, ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ಅಳಿಯಂದಿರ ಕೆಮ್ಮು ಬಿಟ್ಟಿತೇ? ನನ್ನ ವಿಷಯ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನೀನು ಹಾಸಿಗೆ ಕಾದಿರಿಸಿರುವ ಆ ಆರೈಕೆ ಕೇಂದ್ರಕ್ಕೆ ನಾನು ಬರುವುದಿಲ್ಲ.

"ಫೋನಿನೊಳಗೆ ಕೂತವಳು ಏನು ಆರೈಕೆ ಮಾಡಿಯಾಳು" ಅಂತ ಬರೆದಿದ್ದೀಯ. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ಹಾರ್ಟು ಸೋತಿದೆ ಅಂತ ಹೇಳಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ತೂಕದ ಯಂತ್ರ, ಬಿಪಿ ಯಂತ್ರ, ಮೇಜಿನ ಮೇಲೆ ನಿಲ್ಲಿಸುವ ಒಂದು ಪರದೆ ಕೊಟ್ಟರಲ್ಲ, ದಿನಾ ಎಂಟು ಗಂಟೆಗೆ ಅದರಲ್ಲಿ ನರ್ಸ್ ಬರುತ್ತಾಳೆ. ಅವಳ ಗದರುವ ದನಿಗೆ ನಾನಿಟ್ಟ ಹೆಸರು ಹೆಡ್‌ಮಿಸ್. ಅವಳೆದುರೇ ತೂಕ ನೋಡಬೇಕು. ಮೈಯಲ್ಲಿ ನೀರು ನಿಂತರೆ ಮೊದಲು ಚಾಡಿ ಹೇಳುವುದು ತೂಕವೇ ಅಂತೆ.

ಹೋದ ವಾರ ಶಾಲೆಯ ನಲವತ್ತು ಸಮವಸ್ತ್ರ ಹೊಲಿಯುವುದಿತ್ತು. ತೂಕ ಏರಿದರೆ ಮತ್ತೆ ಆಸ್ಪತ್ರೆ ಅನ್ನುತ್ತಾರೆಂದು ಹೆದರಿ, ಯಂತ್ರ ಕಮ್ಮಿ ತೋರಿಸಲಿ ಅಂತ ಒಂದು ಕೈ ಗೋಡೆಗೆ ಊರಿ ನಿಂತೆ. ಎರಡು ದಿನ ನಡೆಯಿತು. ಮೂರನೇ ದಿನ, "ಅಮ್ಮಾ, ಎಡಗೈ ಎಲ್ಲಿ? ಎರಡೂ ಕೈ ಎತ್ತಿ" ಅಂದಳು. ಎತ್ತಿದೆ. ಮೂರು ಕಿಲೋ ಜಾಸ್ತಿ! "ಕಾಲು ತೋರಿಸಿ, ಬೆರಳಿಂದ ಒತ್ತಿ." ಒತ್ತಿದ ಗುಳಿ ಹಾಗೇ ಉಳಿಯಿತು. ನನ್ನ ಜಂಬವೆಲ್ಲ ಇಳಿದುಹೋಯಿತು. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಿದ್ದೇನೆ ಅಂತ ಹೇಳಿ ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಕೂಡಲೇ ಡಾಕ್ಟರನ್ನು ಪರದೆಗೆ ಕರೆದಳು. ಅವರು ನೀರಿಳಿಸುವ ಮಾತ್ರೆ ಬದಲಿಸಿದರು. ಮಧ್ಯಾಹ್ನ ಅವಳೇ ಬಾಗಿಲಿಗೆ ಬಂದು ಇಂಜೆಕ್ಷನ್ ಕೊಟ್ಟು, ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋದಳು. ಪರದೆಯಲ್ಲಿ ಕಂಡದ್ದಕ್ಕಿಂತ ಒಂದು ಗೇಣು ಕುಳ್ಳಿ, ಗದರಿಕೆ ಮಾತ್ರ ಅಷ್ಟೇ ಎತ್ತರ!

ಐದು ದಿನಕ್ಕೆ ಮೂರೂ ಕಿಲೋ ಇಳಿಯಿತು. ಈಗ ಮಲಗಿಯೇ ನಿದ್ದೆ ಮಾಡುತ್ತೇನೆ. ಇನ್ನು ಹದಿನಾರು ಸಮವಸ್ತ್ರ ಬಾಕಿ, ಶಾಲೆಯವರು ಕಾಯಲಿ. ಮೋಸ ಮಾಡಿದ್ದು ತಪ್ಪು, ಒಪ್ಪುತ್ತೇನೆ. ಅದಕ್ಕೆ ಮನೆ ಬಿಡಿಸುತ್ತೇನೆ ಅಂದರೆ ಕೇಳುವ ಮುದುಕಿ ನಾನಲ್ಲ. ನಿನ್ನ ಹಟ ಎಲ್ಲಿಂದ ಬಂತು ಅಂದುಕೊಂಡೆ?

ಮೊಮ್ಮಕ್ಕಳಿಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ, ನಿನಗೆ ಎರಡೂ.

ನಿನ್ನ
ಅಮ್ಮ

ಮರೆತಿದ್ದೆ: ಆಸ್ಪತ್ರೆಯ ಕಾಗದದಲ್ಲಿ "ರೋಗಿಯ ಪರವಾಗಿ ತೀರ್ಮಾನ ಹೇಳುವವರು" ಅಂತ ನಿನ್ನ ಹೆಸರಿತ್ತು. ನಿನ್ನೆ ಹೆಡ್‌ಮಿಸ್ ಎದುರೇ ಅದರ ಮೇಲೆ ಬರೆಸಿದೆ: "ರೋಗಿಗೆ ಮಾತಿರುವ ತನಕ ರೋಗಿಯನ್ನೇ ಕೇಳುವುದು." ಸಹಿ ನನ್ನದೇ. ನನ್ನ ಮಾತು ನಿಂತ ಮೇಲೆ ನಿನ್ನ ಸರದಿ. ಆ ಹಾಸಿಗೆ ಇವತ್ತೇ ಬಿಟ್ಟುಕೊಡು.