ಗೇಟಿನ ಬಳಿಯ ಅಜ್ಜಿಯ ಊಟ

ಮನೋಜ,

ನನಗೆ ಸಾಕಾಗಿ ಹೋಗಿದೆ, ಮೇಲೆ ಡ್ಯೂಟಿ ಬೇರೆ. ಮಿಯಾಪುರದ ಮದುವೆ ಹಾಲ್‌ನಲ್ಲಿ ಮಧ್ಯಾಹ್ನ ಉಳಿಯುವ ಊಟವನ್ನು ಇವತ್ತು ನೀನೇ ಆಸ್ಪತ್ರೆಗೆ ಒಯ್ದು, ರೋಗಿಗಳ ಜೊತೆ ಬಂದು ಹೊರಗೆ ಸಾಲು ನಿಲ್ಲುವವರಿಗೆ ಬಡಿಸಬೇಕು. ಡಬ್ಬಿಗಳನ್ನು ತೊಳೆದಿಟ್ಟಿದ್ದೇನೆ. ಅನ್ನದ ರುಚಿ ನೋಡಿ ತುಂಬಿಸಿಕೋ, ಹಳಸಿದ್ದರೆ ಬೇಡ ಅನ್ನು. ಮುಖ ಗಂಟು ಹಾಕಿಕೊಂಡು ಬಡಿಸಬೇಡ.

ಗೇಟಿನ ಬಳಿ ಬೀದರಿನ ಅಜ್ಜಿಯೊಬ್ಬರು ಮಗನ ಆಪರೇಷನ್‌ಗೆಂದು ಬಂದು ಕೂತಿದ್ದಾರೆ. ಸಾಲಿಗೆ ಬರುವುದಿಲ್ಲ. ನಿನ್ನೆ ನಾನೇ ತಟ್ಟೆ ಒಯ್ದು ಕೊಟ್ಟರೂ ಮುಟ್ಟಲಿಲ್ಲ. "ಬೇಡಿ ಉಂಡಾಕಿ ಅಲ್ಲವ್ವಾ ನಾ" ಅಂದರು. ನಿಂತು ನಿಂತು ಕಾಲು ಸೋತಿತ್ತು, ಅವರ ಪಕ್ಕದಲ್ಲೇ ಕುಸಿದು ಕೂತೆ. ನನ್ನ ಮುಖ ನೋಡಿ, "ನೀ ಉಂಡೀಯೇನ?" ಅಂದರು. ಇಲ್ಲ ಅಂದೆ. "ಹಂಗಾರ ಕೂಡಿ ಉಣ್ಣೂಣು ಬಾ" ಎಂದು ತಾವೇ ತಟ್ಟೆ ಎಳೆದುಕೊಂಡರು.

ಅದಕ್ಕೇ ಇವತ್ತು ಮನೆಯಲ್ಲಿ ಉಂಡು ಹೋಗಬೇಡ.

ಅಕ್ಕ